ಬಾಗಿಲಾಚೆ ನಿಂತ ಅಪ್ಪ

ಹೆರಿಗೆಯ ಕಥೆ ಅಂದ್ರೆ ನಮಗೆಲ್ಲ ಬಾಯಿಪಾಠ. ನಾಲ್ಕು ಹೆಂಗಸರು ಸೇರಿದ ಕಡೆ, ಸೊಪ್ಪು ಬಿಡಿಸುವಾಗಲೋ ಅರಿಶಿನ-ಕುಂಕುಮಕ್ಕೆ ಹೋದಾಗಲೋ ಮಾತು ಅಲ್ಲಿಗೆ ಬಂದೇ ಬರುತ್ತದೆ. ಎಷ್ಟು ಹೊತ್ತಿಗೆ ನೋವು ಶುರುವಾಯ್ತು, ಎಷ್ಟು ಗಂಟೆ ಒದ್ದಾಡಿದ್ವಿ, ನರ್ಸ್ ಹೇಗೆ ಗದರಿದಳು, ಹೊಲಿಗೆ ಎಷ್ಟು ಬಿತ್ತು... ಇಪ್ಪತ್ತು ವರ್ಷದ ಹಿಂದಿನದಾದರೂ ಗಂಟೆ-ನಿಮಿಷದ ಸಮೇತ ಹೇಳ್ತೀವಿ. ಅದೇ ಕಥೆಯಲ್ಲಿ ಗಂಡ ಎಲ್ಲಿದ್ದ ಅಂತ ಯಾರಾದರೂ ಕೇಳಿದರೆ? ‘ಇದ್ರು, ಹೊರಗಡೆ ಎಲ್ಲೋ ಇದ್ರು’ ಅನ್ನೋ ಒಂದೇ ಸಾಲಿಗೆ ಮುಗಿದುಹೋಗುತ್ತದೆ.

ನೋವು ನಮ್ಮದು, ನಿಜ. ಹೆತ್ತವಳ ನೋವಿಗೆ ಹೊರಗೆ ನಿಂತವನ ಸಂಕಟ ಸಮವಾಗುವುದಿಲ್ಲ. ಆದರೆ ಹೆರಿಗೆ ಕೋಣೆಯ ಬಾಗಿಲಾಚೆ ನಿಂತವನೂ ಅದೇ ಗಳಿಗೆಯಲ್ಲಿ ಅಪ್ಪನಾಗಿ ಹುಟ್ಟುತ್ತಿರುತ್ತಾನೆ. ಅವನನ್ನು ಆ ಹೊತ್ತಿನಲ್ಲಿ ‘ಬಿಲ್ಲು ಕಟ್ಟೋನು, ಔಷಧಿ ತರೋನು’ ಅಂತ ಮಾತ್ರ ನೋಡಿಬಿಟ್ಟರೆ, ಮುಂದೆ ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ‘ಏನ್ರೀ, ಸ್ವಲ್ಪ ಎತ್ಕೊಳ್ಳಿ’ ಅಂದರೆ ಅವನು ಕಣ್ಣು ಬಿಡದಿರುವುದರಲ್ಲಿ ಆಶ್ಚರ್ಯ ಏನಿದೆ?

ಹಿಂದೆ ಹೀಗೆ ಇರಲಿಲ್ಲ

ನಮ್ಮಜ್ಜಿಯ ಕಾಲದಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಸೂಲಗಿತ್ತಿ ಬಂದು ಕದ ಹಾಕಿಕೊಂಡಳು ಅಂದ್ರೆ ಗಂಡಸರಿಗೆ ಆ ಕಡೆ ಸುಳಿಯುವ ಹಾಗಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಂಥ ತಾಯಂದಿರು 15 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ಈ ಲೋಕಕ್ಕೆ ಬರಮಾಡಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು ಅನ್ನೋ ಪದ್ಧತಿ ಬೇರೆ. ಸೀಮಂತ ಮುಗಿಸಿ ಮಗಳನ್ನು ಕರಕೊಂಡು ಹೋದರೆ, ಅಳಿಯನಿಗೆ ಸುದ್ದಿ ಮುಟ್ಟುತ್ತಿದ್ದದ್ದು ಪತ್ರದಲ್ಲಿ, ಇಲ್ಲವೇ ಟೆಲಿಗ್ರಾಂನಲ್ಲಿ. ಪುರುಡು ಕಳೆದು, ಹೆಸರಿಡುವ ದಿನ ಬಂದು ಮಗುವಿನ ಮುಖ ನೋಡಿದರೆ ಅದೇ ಹೆಚ್ಚು. ನಕ್ಷತ್ರ ಸರಿಯಿಲ್ಲ ಅಂತಾದರೆ ಅಪ್ಪ ಮೊದಲು ಎಣ್ಣೆಯಲ್ಲೋ ತುಪ್ಪದಲ್ಲೋ ಮಗುವಿನ ನೆರಳು ನೋಡಿ, ಆಮೇಲೆ ಮುಖ ನೋಡಬೇಕಿತ್ತು!

ಈಗ ಕಾಲ ಬದಲಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ತಾಯಿ-ಮಗುವಿನ ಜೀವದ ದೃಷ್ಟಿಯಿಂದ ಇದು ದೊಡ್ಡ ನೆಮ್ಮದಿ. ಆದರೆ ಮನೆಯಿಂದ ಆಸ್ಪತ್ರೆಗೆ ಬಂದಾಗ ಕದ ಮಾತ್ರ ಹಾಗೇ ಉಳಿದುಕೊಂಡಿತು. ಅವತ್ತು ಮರದ ಕದ, ಇವತ್ತು ‘ಪ್ರವೇಶವಿಲ್ಲ’ ಅಂತ ಬರೆದ ಗಾಜಿನ ಕದ.

‘ಅಟೆಂಡರ್ ಯಾರು?’

ಹೋದ ವರ್ಷ ನನ್ನ ತಮ್ಮನಿಗೆ ಮಗಳು ಹುಟ್ಟಿದಳು, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ತಮ್ಮನ ಹೆಂಡತಿಯ ತವರು ಶಿವಮೊಗ್ಗ. ಕೊನೇ ತಿಂಗಳಲ್ಲಿ ರಕ್ತದೊತ್ತಡ ಸ್ವಲ್ಪ ಏರಿದ್ದರಿಂದ ಅಷ್ಟು ದೂರದ ಪ್ರಯಾಣ ಬೇಡ ಅಂದಿದ್ರು ಡಾಕ್ಟರು. ಅವನು ಮಾತು ಕಮ್ಮಿಯ ಹುಡುಗ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ನಮ್ಮ ಅಡುಗೆಮನೆಯ ಕಟ್ಟೆ ಮೇಲೆ ಕೂತು ಕಾಫಿ ಕುಡೀತಾ, ಅವನಾಗಿಯೇ ಹೇಳಿದ:

‘ರಾತ್ರಿ ಹನ್ನೊಂದಕ್ಕೆ ನೀರು ಹೋಯ್ತು ಅಂದ್ಳು. ಕಾರಲ್ಲಿ ಕರ್ಕೊಂಡು ಹೋದೆ. ಒಳಗೆ ಹೋಗೋವರೆಗೂ ನನ್ನ ಕೈ ಹಿಡ್ಕೊಂಡಿದ್ಲು ಅಕ್ಕ. ಬಾಗಿಲ ಹತ್ರ ನರ್ಸ್ ಆ ಕೈ ಬಿಡಿಸಿ, ‘ನೀವು ಹೊರಗಿರಿ’ ಅಂದ್ರು. ಅಷ್ಟೇ. ಆಮೇಲೆ ನನಗೆ ಹೆಸರೇ ಇಲ್ಲ. ‘ಅಟೆಂಡರ್ ಯಾರು? ಅಟೆಂಡರ್ ಬನ್ನಿ’ ಅಂತ ಕೂಗಿದಾಗೆಲ್ಲ ಓಡೋದು. ಡಿಪಾಸಿಟ್ ಕಟ್ಟಿ ಅಂದ್ರು, ಕಟ್ಟಿದೆ. ಚೀಟಿ ಕೊಟ್ಟು ಔಷಧಿ ತನ್ನಿ ಅಂದ್ರು, ತಂದೆ. ಅವಳು ಹೇಗಿದಾಳೆ ಅಂತ ಕೇಳಿದ್ರೆ ‘ಟೈಮ್ ಆಗುತ್ತೆ’ ಅಂತಾರೆ. ಒಳಗಿಂದ ಯಾರೋ ಕಿರುಚಿದ್ದು ಕೇಳುತ್ತೆ. ಅದು ಇವಳೋ ಬೇರೆಯವರೋ ಗೊತ್ತಾಗಲ್ಲ.

‘ನಾಲ್ಕು ಗಂಟೆಗೆ ಡಾಕ್ಟರ್ ಬಂದು, ಮಗುವಿನ ಎದೆಬಡಿತ ಇಳೀತಿದೆ, ಆಪರೇಷನ್ ಮಾಡ್ಬೇಕು, ಸೈನ್ ಹಾಕಿ ಅಂದ್ರು. ಕಾಗದ ಓದ್ಲಿಲ್ಲ. ಓದಿದ್ರೂ ಅರ್ಥ ಆಗ್ತಿರ್ಲಿಲ್ಲ. ನನ್ನ ಸೈನು ನನ್ನದೇ ಥರ ಕಾಣಿಸ್ಲಿಲ್ಲ. ಆಮೇಲೆ ಅರ್ಧ ಗಂಟೆ ಆ ಕಾರಿಡಾರಲ್ಲಿ ಹೆಂಚು ಎಣಿಸ್ತಾ ಇದ್ದೆ. ಮಗು ತಂದು ತೋರಿಸಿದ್ರು. ಎಲ್ಲರೂ ಮಗು ಸುತ್ತ ಸೇರಿದ್ರು, ಅಮ್ಮ ಅಳ್ತಾ ಇದ್ರು, ಅತ್ತೆ ಫೋಟೊ ತೆಗೀತಿದ್ರು. ‘ಅವಳು ಹೇಗಿದಾಳೆ?’ ಅಂತ ನಾನು ಮೂರು ಸಲ ಕೇಳಿದೆ. ಯಾರಿಗೂ ಕೇಳಿಸ್ಲಿಲ್ಲ. ಅವಳನ್ನ ವಾರ್ಡಿಗೆ ತಂದಿದ್ದು ಎರಡು ಗಂಟೆ ಆದ್ಮೇಲೆ. ಆವರೆಗೂ ನಾನು ಮಗಳನ್ನ ಸರಿಯಾಗಿ ನೋಡೇ ಇಲ್ಲ.’

ನನಗೆ ಗಂಟಲು ಕಟ್ಟಿತು. ಅವತ್ತು ಆಸ್ಪತ್ರೆಯಲ್ಲಿ ಇದ್ದವರಿಗೆಲ್ಲ ಅವನು ‘ಮಗು ಹುಟ್ಟಿದರೂ ನಗದೆ ನಿಂತಿದ್ದ’ ಹುಡುಗ. ‘ಹೆಣ್ಣು ಅಂತ ಬೇಜಾರೇನೋ’ ಅಂತ ಪಕ್ಕದವರೊಬ್ಬರು ಪಿಸುಗುಟ್ಟಿದ್ದರಂತೆ! ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಬಾಗಿಲ ಹತ್ತಿರ ಬಿಡಿಸಿದ ಆ ಕೈ.

ಗಂಡನನ್ನು ಒಳಗೆ ಬಿಡುತ್ತಾರಾ?

ಎಷ್ಟೋ ಜನರಿಗೆ ಗೊತ್ತಿಲ್ಲದ ವಿಷಯ ಇದು. 2016ರ ಫೆಬ್ರುವರಿಯಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ತಾಯಿಯ ಜೊತೆ ಒಬ್ಬರು ಇರಬಹುದು ಅಂತ ಮಾರ್ಗಸೂಚಿ ಹೊರಡಿಸಿತು. ಸಾಮಾನ್ಯವಾಗಿ ಹೆರಿಗೆಯ ಅನುಭವ ಇರುವ ಹೆಂಗಸರಿಗೆ ಆದ್ಯತೆ. ಆದರೆ ಬೇರೆ ಹೆಂಗಸರ ಮರ್ಯಾದೆಗೆ ಧಕ್ಕೆ ಬರದ ಹಾಗೆ ಪರದೆಯೋ ಪ್ರತ್ಯೇಕ ಕೋಣೆಯೋ ಇರುವ ಕಡೆ ಗಂಡನೂ ಇರಬಹುದು ಅಂತ ಅದರಲ್ಲೇ ಹೇಳಿದೆ. ಜೊತೆಗಿರುವವರಿಗೆ ಸೋಂಕು ರೋಗ ಇರಬಾರದು, ಶುಭ್ರವಾದ ಬಟ್ಟೆ ಹಾಕಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಕೊನೆಯವರೆಗೂ ಇರಬೇಕು - ಇಷ್ಟೇ ಷರತ್ತು. 2017ರ ಡಿಸೆಂಬರಿನಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆ ಕೋಣೆಗಳನ್ನು ಹೀಗೆ ಸುಧಾರಿಸಲೆಂದೇ ಬಂದದ್ದು. ಖಾಸಗಿ ಆಸ್ಪತ್ರೆಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ.

ಇದು ಬರೀ ಸಿನಿಮಾ ನೋಡಿ ಬಂದ ಶೋಕಿ ಅಲ್ಲ. ಹೆರಿಗೆಯುದ್ದಕ್ಕೂ ಪಕ್ಕದಲ್ಲಿ ಒಬ್ಬರು ಇದ್ದು ಧೈರ್ಯ ತುಂಬಿದರೆ ಏನಾಗುತ್ತದೆ ಅಂತ 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ನೋಡಿದ್ದಾರೆ. ಅಂಥವರಿಗೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ ಅಂತ ಕಂಡುಬಂದಿದೆ. ತಾಯಿ ಇಷ್ಟಪಡುವ ಒಬ್ಬರು ಜೊತೆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಕೂಡ 2018ರಲ್ಲಿ ಶಿಫಾರಸು ಮಾಡಿದೆ. ಗಮನಿಸಿ: ‘ತಾಯಿ ಇಷ್ಟಪಡುವ’ ಅನ್ನೋದು ಮುಖ್ಯ. ಅಮ್ಮನೇ ಬೇಕು ಅನ್ನಿಸಿದರೆ ಅಮ್ಮನೇ ಇರಲಿ. ಗಂಡನಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ ಅಂದರೆ ಬಲವಂತ ಮಾಡುವುದರಲ್ಲಿ ಅರ್ಥವಿಲ್ಲ. ಒಳಗಿದ್ದ ಮಾತ್ರಕ್ಕೆ ಒಳ್ಳೆಯ ಅಪ್ಪ, ಹೊರಗಿದ್ದ ಮಾತ್ರಕ್ಕೆ ಕೆಟ್ಟ ಅಪ್ಪ ಅಂತೇನಿಲ್ಲ.

ನಮ್ಮ ಮೇಲಿನ ಮಹಡಿಯ ದಂಪತಿಗೆ ಆಸ್ಪತ್ರೆಯವರೇ ಅವಕಾಶ ಕೊಟ್ಟಿದ್ದರು. ಆತ ಕ್ಯಾಬ್ ಓಡಿಸುವವರು. ‘ಮೇಡಂ, ನಾನು ಮಾಡಿದ್ದು ಏನೂ ಇಲ್ಲ. ನೀರು ಕುಡಿಸ್ದೆ, ಸೊಂಟ ನೀವಿದೆ, ಅವಳು ಬೈದಾಗ ಬೈಸ್ಕೊಂಡೆ’ ಅಂತ ನಗುತ್ತಾರೆ. ಆಕೆ ಹೇಳೋದೇ ಬೇರೆ: ‘ಅವರು ಪಕ್ಕದಲ್ಲಿ ಇದ್ದಿದ್ದಕ್ಕೆ ನಾನು ಹೆದರ್ಲಿಲ್ಲ.’ ಇವತ್ತು ಆ ಮಗುವಿಗೆ ಎಣ್ಣೆ ಹಚ್ಚುವುದು, ಡೈಪರ್ ಬದಲಿಸುವುದು ಎಲ್ಲ ಆತನದೇ. ಯಾರೂ ಹೇಳಿಕೊಟ್ಟಿದ್ದಲ್ಲ.

ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ತಂಗಿಯೋ ದಿನ ಎಣಿಸುತ್ತಿದ್ದರೆ, ಅಥವಾ ನೀವೇ ಆ ಸಡಗರದಲ್ಲಿದ್ದರೆ, ಇವಿಷ್ಟು ನೆನಪಿರಲಿ:

* ಏಳನೇ ತಿಂಗಳಿನಿಂದ ಒಂದೆರಡು ತಪಾಸಣೆಗಾದರೂ ಗಂಡನನ್ನು ಕರೆದುಕೊಂಡು ಹೋಗಿ. ‘ಹೆರಿಗೆ ಕೋಣೆಗೆ ಜೊತೆಗೆ ಯಾರನ್ನು ಬಿಡ್ತೀರಿ? ಸಿಸೇರಿಯನ್ ಆದರೂ ಬಿಡ್ತೀರಾ?’ ಅಂತ ಅವನೇ ಡಾಕ್ಟರನ್ನು ಕೇಳಲಿ. ನೋವು ಬಂದ ರಾತ್ರಿ ಕೇಳುವ ಪ್ರಶ್ನೆ ಇದಲ್ಲ.

* ಚೊಚ್ಚಲಿಗೆ ನೋವು ಶುರುವಾದ ತಕ್ಷಣ ಮಗು ಬರುವುದಿಲ್ಲ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದುಕೊಂಡ ಮೇಲೆಯೇ ನಿಜವಾದ ಹೆರಿಗೆ ನೋವಿನ ಘಟ್ಟ. ಅಲ್ಲಿಂದಲೂ 12 ಗಂಟೆ ತನಕ ಹಿಡಿಯಬಹುದು. ಇದು ಗೊತ್ತಿದ್ದರೆ ಹೊರಗಿರುವವನಿಗೆ ‘ಯಾಕೆ ಇಷ್ಟು ಹೊತ್ತು?’ ಅನ್ನೋ ಗಾಬರಿ ಅರ್ಧ ಕಡಿಮೆಯಾಗುತ್ತದೆ.

* ತಪಾಸಣೆಯ ಫೈಲು, ರಕ್ತದ ಗುಂಪಿನ ಚೀಟಿ, ಆಧಾರ್, ವಿಮೆ ಕಾರ್ಡು ಒಂದೇ ಚೀಲದಲ್ಲಿರಲಿ. ಮಗುವಿಗೆ ಒಗೆದ ಮೆತ್ತನೆ ಹತ್ತಿ ಬಟ್ಟೆ, ಟೋಪಿ, ಕಾಲುಚೀಲ ಇಡಿ. ಅವನಿಗೂ ಒಂದು ಜೊತೆ ಬಟ್ಟೆ, ಫೋನ್ ಚಾರ್ಜರ್, ಒಂದು ಡಬ್ಬಿ ಚಕ್ಕುಲಿಯೋ ಅವಲಕ್ಕಿಯೋ ಇರಲಿ. ಹಸಿದ ಹೊಟ್ಟೆಯಲ್ಲಿ ಯಾರಿಗೆ ತಾನೇ ತಾಳ್ಮೆ ಇರುತ್ತೆ?

* ಫೋನು ಎತ್ತುವ ಕೆಲಸ ಮನೆಯ ಬೇರೊಬ್ಬರಿಗೆ ವಹಿಸಿ. ‘ಏನಾಯ್ತು, ಇನ್ನೂ ಆಗಿಲ್ವಾ’ ಅಂತ ಎರಡೂ ಕಡೆಯವರು ಅವನಿಗೇ ಹತ್ತು ನಿಮಿಷಕ್ಕೊಮ್ಮೆ ಮಾಡಿದರೆ ಅವನು ಡಾಕ್ಟರ ಮಾತು ಕೇಳುವುದು ಯಾವಾಗ?

* ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೆ 2011ರ ಜೂನ್‌ನಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್ ಸೇರಿ, ಉಚಿತ. ಔಷಧಿ, ಊಟ, ಹೋಗಿಬರುವ ವಾಹನವೂ ಉಚಿತ. ತುರ್ತಿಗೆ 108 ಇದ್ದೇ ಇದೆ. ಮನೆಗೆಲಸಕ್ಕೆ ಬರುವವರಿಗೂ ಈ ವಿಷಯ ತಿಳಿಸಿ.

ಸಹಿ ಹಾಕುವ ಮುನ್ನ

ಕರ್ನಾಟಕದಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್ ಆಗುತ್ತಿವೆ ಅಂತ ಅದೇ ಸಮೀಕ್ಷೆ ಹೇಳುತ್ತದೆ. ಹಾಗಾಗಿ ‘ನಮಗೆ ಅದೆಲ್ಲ ಬರಲ್ಲ ಬಿಡಿ’ ಅಂತ ಮಾತು ಮುಚ್ಚುವುದಕ್ಕಿಂತ, ಅದು ಯಾವಾಗ ಬೇಕಾಗುತ್ತದೆ ಅಂತ ಗಂಡ-ಹೆಂಡತಿ ಇಬ್ಬರೂ ಮೊದಲೇ ತಿಳಿದುಕೊಂಡಿರುವುದು ವಾಸಿ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ತಾಯಿಗೆ ಎಚ್ಚರ ಇರುತ್ತದೆ, ಮಗುವಿನ ಅಳುವೂ ಕೇಳುತ್ತದೆ. ಆಮೇಲೆ ಕೆಲವು ಹೊತ್ತು ನಿಗಾ ಕೋಣೆಯಲ್ಲಿ ಇಟ್ಟುಕೊಳ್ಳುವುದು ಮಾಮೂಲು. ನನ್ನ ತಮ್ಮನಿಗೆ ಈ ಒಂದು ಮಾತನ್ನು ಯಾರಾದರೂ ಹೇಳಿದ್ದರೆ ಆ ಎರಡು ಗಂಟೆ ಅಷ್ಟು ಭಯಂಕರ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. ಗಂಡನ ಸಹಿ ಕೇಳುವುದು ರೂಢಿ. ಆದರೆ ಪ್ರಜ್ಞೆ ಇರುವ ವಯಸ್ಕ ಹೆಂಗಸಿನ ಚಿಕಿತ್ಸೆಗೆ ಆಕೆಯ ಒಪ್ಪಿಗೆಯೇ ಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಅವನು ಕೇಳಬೇಕಾದ ಪ್ರಶ್ನೆ ಮೂರು: ‘ಯಾಕೆ ಆಪರೇಷನ್? ಎಷ್ಟು ತುರ್ತು? ಅವಳಿಗೆ ಹೇಳಿದ್ದೀರಾ?’ ಜಗಳದ ದನಿಯಲ್ಲಿ ಅಲ್ಲ, ಸಮಾಧಾನವಾಗಿ. ತುರ್ತು ಅಂತ ಡಾಕ್ಟರು ಹೇಳಿದ ಮೇಲೆ ‘ಅಮ್ಮನ್ನ ಕೇಳ್ತೀನಿ, ಮುಹೂರ್ತ ನೋಡ್ತೀನಿ’ ಅಂತ ತಡಮಾಡುವುದು ಮಾತ್ರ ಖಂಡಿತ ಬೇಡ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಮೊದಲ ಗಂಟೆ ಅಪ್ಪನದೂ ಹೌದು

ಆಗತಾನೇ ಹುಟ್ಟಿದ ಮಗು ಕ್ಯಾಲೆಂಡರಿನ ಕೃಷ್ಣನ ಹಾಗೆ ಇರುವುದಿಲ್ಲ! ತಲೆ ಸ್ವಲ್ಪ ಉದ್ದಕ್ಕೆ ಎಳೆದ ಹಾಗಿರಬಹುದು. ಮೈಮೇಲೆ ಬಿಳಿ ಬೆಣ್ಣೆಯಂಥ ಪದರ ಇರುತ್ತದೆ. ಕೈ-ಕಾಲು ತುಸು ನೀಲಿ ಅನ್ನಿಸಬಹುದು. ಹೊಸ ಅಪ್ಪಂದಿರು ಹೆದರುವುದು ಇಲ್ಲೇ. ಡಾಕ್ಟರು 1 ನಿಮಿಷಕ್ಕೆ, 5 ನಿಮಿಷಕ್ಕೆ ಮಗುವಿನ ಎದೆಬಡಿತ, ಉಸಿರು, ಬಣ್ಣ, ಮೈ ಬಿಗಿ, ಪ್ರತಿಕ್ರಿಯೆ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ಕಂಡುಹಿಡಿದ ವಿಧಾನ ಇದು. ‘ಅಪ್ಗಾರ್ ಎಷ್ಟು?’ ಅಂತ ಅಪ್ಪ ಕೇಳಬಹುದು, ಫೈಲಿನಲ್ಲಿ ಬರೆದಿರುತ್ತಾರೆ.

ತಾಯಿ-ಮಗು ಇಬ್ಬರೂ ಚೆನ್ನಾಗಿದ್ದರೆ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಮೊದಲ ಒಂದು ಗಂಟೆಯೊಳಗೆ ಹಾಲು ಕುಡಿಸಲು ಶುರು ಮಾಡಬೇಕು. ಆ ಹಳದಿ ಗಟ್ಟಿ ಹಾಲು ಚೆಲ್ಲುವಂಥದ್ದಲ್ಲ, ಅದೇ ಮಗುವಿನ ಮೊದಲ ರಕ್ಷಾಕವಚ. ಈ ಹೊತ್ತಿಗೇ ನೋಡಿ, ಯಾರಾದರೊಬ್ಬರು ಜೇನುತುಪ್ಪದ ಬಾಟಲು, ಸಕ್ಕರೆ ನೀರು ಹಿಡಿದು ಬರುತ್ತಾರೆ. ಹಿರಿಯರನ್ನು ನೋಯಿಸದೆ ‘ಡಾಕ್ಟರು ಬೇಡ ಅಂದಿದಾರೆ’ ಅಂತ ಅಡ್ಡ ನಿಲ್ಲುವ ಕೆಲಸ ಅಪ್ಪನದು. ಸೊಸೆ ಹೇಳಿದರೆ ಎದುರುತ್ತರ ಆಗುತ್ತದೆ, ಮಗ ಹೇಳಿದರೆ ಮಾತು ನಡೆಯುತ್ತದೆ! ಸ್ನಾನಕ್ಕೂ ಅವಸರ ಬೇಡ, 24 ಗಂಟೆಯಾದರೂ ಕಳೆಯಲಿ. ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಆಯಿತಾ ಅಂತ ವಿಚಾರಿಸುವುದೂ ಅವನೇ ಇರಲಿ.

ಸಿಸೇರಿಯನ್ ಆಗಿ ತಾಯಿ ಇನ್ನೂ ಒಳಗಿದ್ದರೆ, ‘ನಾನು ಎದೆಗೆ ಒತ್ತಿಕೊಳ್ಳಬಹುದಾ?’ ಅಂತ ಅಪ್ಪ ನರ್ಸನ್ನು ಕೇಳಬಹುದು. ಶರ್ಟಿನ ಗುಂಡಿ ಬಿಚ್ಚಿ, ಮಗುವನ್ನು ಎದೆಗೆ ಒರಗಿಸಿಕೊಂಡು ಮೇಲೆ ಬಟ್ಟೆ ಹೊದ್ದರೆ ಮಗುವಿಗೆ ಬೆಚ್ಚಗಾಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಕಡಿಮೆ ತೂಕದ ಮಕ್ಕಳಿಗಾಗಿ ಶುರುವಾದ ‘ಕಾಂಗರೂ ಆರೈಕೆ’ ಇದೇ. ಇದಕ್ಕೆ ತಾಯಿಯೇ ಆಗಬೇಕೆಂದಿಲ್ಲ, ಅಪ್ಪನ ಎದೆಯೂ ಬೆಚ್ಚಗೇ ಇರುತ್ತದೆ.

ಮತ್ತೆ, ಅಲ್ಲಿ ಸೇರಿದ ನಾವು ಹೆಂಗಸರು ಮಾಡಬೇಕಾದ್ದೂ ಒಂದಿದೆ. ಮಗು ಎತ್ತಿಕೊಳ್ಳುವ ಸರತಿಯಲ್ಲಿ ಅವನನ್ನು ಕೊನೆಗೆ ನಿಲ್ಲಿಸಬೇಡಿ. ‘ಅಯ್ಯೋ, ನಿನಗೆ ಎತ್ಕೊಳ್ಳೋಕೆ ಬರಲ್ಲ ಕೊಡು’ ಅನ್ನಬೇಡಿ. ಕತ್ತಿನ ಕೆಳಗೆ ಕೈ ಹೇಗೆ ಇಡಬೇಕು ಅಂತ ಒಮ್ಮೆ ತೋರಿಸಿಕೊಟ್ಟರೆ ಸಾಕು, ಬರುತ್ತದೆ. ನಮಗೇನು ಹುಟ್ಟುತ್ತಲೇ ಬಂದಿತ್ತಾ?

ಮನೆಗೆ ಬಂದ ಮೇಲೆ

ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಗಳಲ್ಲಿ ಅವರವರ ನಿಯಮ. ಅಮ್ಮನಿಗೆ 2017ರ ತಿದ್ದುಪಡಿಯ ನಂತರ 26 ವಾರ ಸಂಬಳ ಸಹಿತ ರಜೆ ಸಿಗುತ್ತದೆ, ಆದರೆ ಖಾಸಗಿ ನೌಕರಿಯ ಅಪ್ಪನಿಗೆ ಅಂಥ ಕಾನೂನು ಇಲ್ಲ. ಆದ್ದರಿಂದ ಇರುವ ನಾಲ್ಕು ರಜೆಯನ್ನು ನಾಮಕರಣದ ಓಡಾಟಕ್ಕೆ ಉಳಿಸುವ ಬದಲು ಮೊದಲ ವಾರಕ್ಕೇ ಹಾಕಿಸಿ. ಬಾಣಂತನಕ್ಕೆ ಅಮ್ಮ-ಅತ್ತೆ ಇದ್ದಾರೆ, ಇವನಿಗೇನು ಕೆಲಸ ಅನ್ನಬೇಡಿ. ರಾತ್ರಿ ಒಂದು ಪಾಳಿ, ತೇಗಿಸುವುದು, ಬಟ್ಟೆ ಬದಲಿಸುವುದು, ಬಾಣಂತಿಗೆ ಬಿಸಿನೀರು ತಂದುಕೊಡುವುದು ಎಲ್ಲ ಅವನ ಕೈಲೂ ಆಗುತ್ತದೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯವರು ಕೊಟ್ಟ ವಿವರದಲ್ಲಿ ಅಪ್ಪ-ಅಮ್ಮನ ಹೆಸರಿನ ಅಕ್ಷರ ಸರಿಯಿದೆಯಾ ಅಂತ ಅವನೇ ನೋಡಲಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನದ ದಾಖಲೆ ಇದೇ ಆದ್ದರಿಂದ ಒಂದಕ್ಷರ ತಪ್ಪಿದರೂ ಆಮೇಲೆ ಅಲೆದಾಟ.

ಅಪಾಯದ ಸೂಚನೆಗಳು ಅಪ್ಪನಿಗೂ ಗೊತ್ತಿರಲಿ. ಬಾಣಂತಿಗೆ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಜ್ವರ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು. ಮಗು ಹಾಲು ಬಿಟ್ಟರೆ, ಉಸಿರು ಏದುಸಿರಾದರೆ, ಅಂಗೈ-ಅಂಗಾಲು ತನಕ ಹಳದಿಯಾದರೆ ‘ಬೆಳಗ್ಗೆ ನೋಡೋಣ’ ಅನ್ನದೆ ತಕ್ಷಣ ಆಸ್ಪತ್ರೆಗೆ.

ಕೊನೆಯದಾಗಿ ಮನಸ್ಸಿನ ಮಾತು. ಹೆರಿಗೆಯಾದ ಮೊದಲೆರಡು ವಾರ ತಾಯಂದಿರಿಗೆ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಆದರೆ ನೂರು ಹೊಸ ಅಪ್ಪಂದಿರಲ್ಲಿ ಸುಮಾರು ಎಂಟರಿಂದ ಹತ್ತು ಜನಕ್ಕೂ ಖಿನ್ನತೆ ಕಾಡುತ್ತದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಗಂಡಸರು ಅಳುವುದಿಲ್ಲ. ಸಿಡುಕುತ್ತಾರೆ, ಆಫೀಸಿನಲ್ಲೇ ಉಳಿಯುತ್ತಾರೆ, ಮೊಬೈಲಿನೊಳಗೆ ತಲೆ ಹುದುಗಿಸುತ್ತಾರೆ. ‘ಮಗು ಬಂದ ಮೇಲೆ ಇವರು ಬದಲಾದ್ರು’ ಅಂತ ದೂರುವ ಮೊದಲು ಒಮ್ಮೆ ಕೂರಿಸಿ ಮಾತಾಡಿಸಿ. ಬೇಕಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇಬ್ಬರಲ್ಲಿ ಯಾರಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯನ್ನೂ ಕೂಸನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ.

ನಿಮ್ಮ ಮಕ್ಕಳು ಈಗಾಗಲೇ ದೊಡ್ಡವರಾಗಿರಬಹುದು, ಕಾಲೇಜಿಗೂ ಹೋಗುತ್ತಿರಬಹುದು. ಪರವಾಗಿಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ, ಟೀವಿ ಆರಿಸಿ, ‘ನಮ್ಮ ಪಾಪು ಹುಟ್ಟಿದ ದಿನ ನೀವು ಹೊರಗೆ ಏನ್ ಮಾಡ್ತಿದ್ರಿ?’ ಅಂತ ಒಂದು ಸಲ ಕೇಳಿ ನೋಡಿ. ಮೊದಲು ‘ಏನಿಲ್ಲ, ಸುಮ್ನೆ ನಿಂತಿದ್ದೆ’ ಅನ್ನುತ್ತಾರೆ. ನೀವು ಎದ್ದು ಹೋಗಬೇಡಿ. ಸ್ವಲ್ಪ ಹೊತ್ತು ಕೂತಿರಿ, ಆಮೇಲೆ ಶುರು ಮಾಡುತ್ತಾರೆ.